ಹನ್ನೆರಡು ಚೀಲ ನೆಲ್ಲಿನ ತಂಬೂರಿ

ನಮ್ಮ ಸೀಮೆಯಲ್ಲಿ ಸಂಗೀತ ಎಂದರೆ ಪೇಟಿ. ಸಿಂಧನೂರಿನ ಯಾವ ಮಠಕ್ಕೆ ಹೋದರೂ, ಯಾವ ಹಳ್ಳಿಯ ಹನುಮಪ್ಪನ ಗುಡಿಯ ಭಜನೆಗೆ ಕುಳಿತರೂ, ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡ ಹಾರ್ಮೋನಿಯಂ ಒಂದು ಇದ್ದೇ ಇರುತ್ತದೆ. ನಾಟಕ ಕಂಪನಿ ಬಂದರೆ ಊರಿಗೆ ಮೊದಲು ಪರಿಚಯವಾಗುವವನು ಪೇಟಿ ಮಾಸ್ತರ. ಶ್ರಾವಣದಲ್ಲಿ ಪುರಾಣ ಹಚ್ಚಿದಾಗ ಗದುಗಿನ ಗವಾಯಿಗಳ ಬೆನ್ನಿಗೆ ತಬಲಾದವರು ಬರುತ್ತಾರೆ, ಪೇಟಿ ಬರುತ್ತದೆ. ಆಕಾಶವಾಣಿಯವರು 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಸ್ಟುಡಿಯೋದ ಹೊರಗೇ ನಿಲ್ಲಿಸಿದ್ದರಂತೆ. ಆ ಸುದ್ದಿ ನಮ್ಮ ಹಳ್ಳಿಗಳನ್ನು ಮುಟ್ಟಿದಂತಿಲ್ಲ. ಮುಟ್ಟಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಪೇಟಿ ಗಟ್ಟಿ, ಬಸ್ಸಿನ ಟಾಪಿನ ಮೇಲೆ ಕಟ್ಟಿದರೂ ಸಾಯುವುದಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಹಾಡುತ್ತದೆ. ಬೆರಳು ಇಟ್ಟಲ್ಲಿ ಸ್ವರ.

ಇಂಥ ಸೀಮೆಯವನಾದ ನಾನು ಮನೆಯವರ ದುಡ್ಡಿನಲ್ಲಿ ಕೊಂಡು ತಂದ ಮೊದಲ ವಾದ್ಯ, ಒಂದೇ ಒಂದು ಹಾಡನ್ನೂ ನುಡಿಸಲಾಗದ ತಂಬೂರಿ. ನಾಲ್ಕು ತಂತಿ. ಪಂಚಮ ಒಂದು, ನಡುವೆ ಜೋಡಿ ಷಡ್ಜ ಎರಡು, ಕೊನೆಗೆ ಖರ್ಜದ ಹಿತ್ತಾಳೆ ತಂತಿ. ಅವನ್ನೇ ಮೀಟಬೇಕು, ಮತ್ತೆ ಅವನ್ನೇ ಮೀಟಬೇಕು.

ಈ ಚಟ ಚಿಕ್ಕಂದಿನದೇ ಇರಬೇಕು. ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್, ಟ್ರಂಪೆಟ್ಟಿನವರ ಸುತ್ತ ಹುಡುಗರೆಲ್ಲ ಮುತ್ತಿಕೊಳ್ಳುತ್ತಿದ್ದರು. ನಾನು ಮಾತ್ರ ಎಲ್ಲರ ಹಿಂದೆ ದೊಡ್ಡ ಹಿತ್ತಾಳೆ ಬಾಜಾ ಹೊತ್ತು ಭೋಂ ಭೋಂ ಎಂದಷ್ಟೇ ಊದುವ ಮನುಷ್ಯನ ಪಕ್ಕ ನಡೆಯುತ್ತಿದ್ದೆ. ಅವನು ನಿಲ್ಲಿಸಿದರೆ ಮುಂದಿನವರ ಹಾಡು ಬಡವಾಗುತ್ತಿತ್ತು. ಅದನ್ನು ಗಮನಿಸುತ್ತಿದ್ದವರು ನಾನು, ಅವನು ಇಬ್ಬರೇ ಎಂದು ಕಾಣುತ್ತದೆ.

ಲಿಂಗಸುಗೂರಿನಲ್ಲಿ ಬಿ.ಎ. ಓದುತ್ತಿದ್ದ ಕಾಲ. ಒಂದು ಕಾಲದಲ್ಲಿ ಹೈದರಾಬಾದ್ ಕಂಟಿಂಜೆಂಟ್ ಸೈನ್ಯ ಬೀಡುಬಿಟ್ಟಿದ್ದ ಊರದು. ಹಳೆಯ ಊರಿಗೆ ಕಸಬಾ ಲಿಂಗಸುಗೂರು ಎನ್ನುತ್ತಾರೆ, ದಂಡು ಇದ್ದ ಜಾಗ ಇವತ್ತಿಗೂ ಹಿರಿಯರ ಬಾಯಲ್ಲಿ ಛಾವಣಿ. ಅಲ್ಲೊಂದು ಬಾಡಿಗೆ ಕೋಣೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಮಸ್ಕಿ ಮೇಲೆ ಹಾದು ಸಿಂಧನೂರಿಗೆ, ಸೋಮವಾರ ಬೆಳಿಗ್ಗೆ ಮತ್ತೆ ವಾಪಸ್. ನಡುವಿನ ಮಸ್ಕಿ ಸೋದರಮಾವನ ಊರು. ಗುಡ್ಡದ ಮೇಲೆ ಮಲ್ಲಯ್ಯ; 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಹುಡುಕಿ ತೆಗೆದ ಅಶೋಕನ ಶಾಸನವೂ ಅಲ್ಲೇ. ಅಲ್ಲಿಯವರೆಗೆ ಬರೀ ‘ದೇವಾನಾಂಪ್ರಿಯ’ ಎಂದಷ್ಟೇ ಗೊತ್ತಿದ್ದ ದೊರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಕಲ್ಲು ಎಂದು ಇತಿಹಾಸದ ಮೇಷ್ಟ್ರು ಹೇಳುವಾಗ, ಮಾವನ ಊರಿನವನೆಂದು ನಾನು ಎದೆ ಉಬ್ಬಿಸಿ ಕೂಡುತ್ತಿದ್ದೆ.

ನನ್ನ ಗುರುಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರು, ಹುಟ್ಟುಕುರುಡರು. ಅಂಧರಾಗಿಯೇ ಸಂಗೀತದ ದೊಡ್ಡ ಮನೆ ಕಟ್ಟಿದ ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ಆ ಆಶ್ರಮವನ್ನು ನಡೆಸಿದರು. ಅಲ್ಲಿಂದ ಹೊರಬಿದ್ದ ನೂರಾರು ಮಂದಿ ಉತ್ತರ ಕರ್ನಾಟಕದ ಶಾಲೆ, ಮಠ, ನಾಟಕ ಕಂಪನಿಗಳಲ್ಲಿ ಹಂಚಿಹೋದರು. ರಾಯಚೂರು ಜಿಲ್ಲೆಯ ಹಳ್ಳಿ ಹುಡುಗರಿಗೆ ಖಯಾಲ್ ಎಂದರೇನೆಂದು ತಿಳಿದದ್ದು ಬಹುಪಾಲು ಇಂಥವರಿಂದ. ವಚನ ಗಾಯನಕ್ಕೆ ಹೆಸರಾದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರು ನಮ್ಮ ಜಿಲ್ಲೆಯವರೇ ಎಂಬ ಅಭಿಮಾನ ಗುರುಗಳಿಗೆ ಬಹಳ. ಪಾಠ ನಡೆಯುತ್ತಿದ್ದದ್ದು ಲಿಂಗಸುಗೂರಿನ ಮಠವೊಂದರ ಹಿಂದಿನ ಪಡಸಾಲೆಯಲ್ಲಿ. ಗೋಡೆಗೆ ಒರಗಿಸಿಟ್ಟ ಅವರ ತಂಬೂರಿಯ ತಂತಿ ಬಿಗಿಯುವ ಒಂದು ಕುಂಟಿ ಮುರಿದು, ಅದರ ಜಾಗದಲ್ಲಿ ಜಾಲಿ ಕಟ್ಟಿಗೆಯದೊಂದನ್ನು ಕೆತ್ತಿ ಸಿಕ್ಕಿಸಿದ್ದರು.

ಎರಡು ವರ್ಷ ನಾನು ಪೇಟಿ ಹಿಡಿದೇ ಹಾಡಿದೆ. ಒಂದು ದಿನ ಯಮನ್ ಪಾಠದ ನಡುವೆ ಗುರುಗಳು ಕೈ ಮುಂದೆ ಮಾಡಿ ನನ್ನ ಪೇಟಿಯ ಬಾತೆಯನ್ನು ಗಪ್ಪನೆ ಮುಚ್ಚಿದರು.

“ತಮ್ಮ, ಈಗ ಗಾಂಧಾರ ಹಚ್ಚು.”

ಹಚ್ಚಿದೆ.

“ಇದು ಪೇಟಿ ಗಾಂಧಾರ. ನಿನ್ನದು ಎಲ್ಲೈತಿ?”

ನನಗೆ ತಿಳಿಯಲಿಲ್ಲ. ಅವರು ವಿವರಿಸಿದ್ದನ್ನು ಅಂಕಿಯಲ್ಲಿ ಅರಗಿಸಿಕೊಂಡದ್ದು ಬಹಳ ವರ್ಷಗಳ ಮೇಲೆ. ಪೇಟಿಯ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಯಾವ ಕರಿ, ಯಾವ ಬಿಳಿಯಿಂದ ಶುರು ಮಾಡಿದರೂ ನಡೆಯಲಿ ಎಂಬ ಅನುಕೂಲಕ್ಕೆ. ಆ ಅನುಕೂಲಕ್ಕೆ ತೆತ್ತ ಬೆಲೆಯಾಗಿ ಅದರ ಶುದ್ಧ ಗಾಂಧಾರ, ಷಡ್ಜದ ನಾದದೊಳಗೆ ತಾನಾಗಿ ಹುಟ್ಟುವ ಗಾಂಧಾರಕ್ಕಿಂತ ಒಂದು ಪಟ್ಟಿಯ ಅಂತರದ ಏಳನೆಯ ಒಂದು ಪಾಲಿನಷ್ಟು ಏರಿ ಕೂತಿರುತ್ತದೆ. ಸುರ್ ಸರಿಯಾಗಿ ಹಚ್ಚಿದ ತಂಬೂರಿಯ ಖರ್ಜದ ತಂತಿ ಮೀಟಿದರೆ ಆ ಸ್ವಯಂಭೂ ಗಾಂಧಾರ ಕೇಳುತ್ತದೆ. ಯಾರೂ ಅದನ್ನು ನುಡಿಸಿರುವುದಿಲ್ಲ. ಗುರುಗಳು ಅವತ್ತು ಇಷ್ಟೆಲ್ಲ ಹೇಳಲಿಲ್ಲ. “ಮೀರಜ್‌ಗೆ ಹೋಗಿ ಒಂದು ತಂಬೂರಿ ತಗೊಂಡು ಬಾ. ಅಲ್ಲಿತನಕ ಯಮನ್ ಬಂದ್” ಎಂದರು, ಎದ್ದರು.

ಆಗಲೇ ಬೆಂಗಳೂರಿನ ರೇಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿ ಪೇಟೆಗೆ ಬಂದು ವರ್ಷಗಳಾಗಿದ್ದವು. ಸ್ವತಃ ಕೊಳಲು ನುಡಿಸುತ್ತಿದ್ದ ಎಂಜಿನಿಯರ್ ಜಿ. ರಾಜ್‌ನಾರಾಯಣ್ ಅದನ್ನು ರೂಪಿಸಿದವರು. ಸಣ್ಣ ಡಬ್ಬಿ, ಬ್ಯಾಗಿನಲ್ಲಿ ಹಿಡಿಯುತ್ತದೆ, ಬೆಲೆಯೂ ಕಡಿಮೆ. ಅದಾದರೆ ಆಗುತ್ತದಾ ಎಂದು ಕೇಳಿದೆ. ಗುರುಗಳು ಡಬ್ಬಿಯನ್ನು ಬೈಯಲಿಲ್ಲ. “ಛಲೋ ಐತಿ ಅದು, ನಾನೂ ಕೇಳೀನಿ. ಆದರ ಅದಕ್ಕ ಸುರ್ ಹಚ್ಚಿದವರು ಯಾರು? ಕಂಪನ್ಯಾಂವ ಹಚ್ಚಿ ಕೊಟ್ಟಾನ. ಮತ್ತ ನೀ ಹಚ್ಚೋದು ಕಲಿಯೋದು ಯಾವಾಗ?” ಎಂದರು. ಈ ಪ್ರಶ್ನೆಗೆ ಉತ್ತರ ನನ್ನಲ್ಲಿ ಇರಲಿಲ್ಲ. ಇವತ್ತು ಮೊಬೈಲಿನಲ್ಲಿ ತಂಬೂರಿ ಇಟ್ಟುಕೊಂಡು ಬರುವ ಹುಡುಗರಲ್ಲೂ ಇಲ್ಲ.

ಮನೆಯಲ್ಲಿ ಮಾತು ತೆಗೆಯುವುದು ಸುಲಭವಿರಲಿಲ್ಲ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆ ನಾಲೆಯ ನೀರು ಹರಿದ ಮೇಲೆ ಸಿಂಧನೂರು ನೆಲ್ಲಿನ ಊರಾಯಿತು. ಜೋಳ, ಹತ್ತಿ ಬಿತ್ತುತ್ತಿದ್ದ ಎರೆಹೊಲಗಳಲ್ಲಿ ಗದ್ದೆ ಎದ್ದವು, ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು, ರೈಸ್ ಮಿಲ್ಲುಗಳು ಎದ್ದವು. ಹೊರಗಿನವರಿಗೆ ಇದು ಸಿರಿವಂತರ ಸೀಮೆಯಂತೆ ಕಾಣುತ್ತದೆ. ನಾಲ್ಕೈದು ಎಕರೆಯವನ ಲೆಕ್ಕ ಬೇರೆ. ಬೀಜ, ಗೊಬ್ಬರ, ಔಷಧಿ ಎಲ್ಲ ದಲಾಲಿ ಅಂಗಡಿಯ ಸಾಲ. ರಾಶಿಯಾದ ನೆಲ್ಲು ಅದೇ ಅಂಗಡಿಯ ಮುಂದೆ ಹೋಗಿ ಇಳಿಯಬೇಕು. ಸಾಹುಕಾರ ಕೆಂಪು ಖಾತೆ ಪುಸ್ತಕದಲ್ಲಿ ಕೂಡಿ ಕಳೆದು ಕೈಗೆ ಕೊಟ್ಟದ್ದೇ ವರ್ಷದ ಗಳಿಕೆ. ತಂಬೂರಿ ನಾಲ್ಕು ಸಾವಿರದ ಆಸುಪಾಸು ಆಗುತ್ತದೆ ಎಂದು ಗುರುಗಳು ಅಂದಾಜು ಹೇಳಿದ್ದರು. ಅಪ್ಪ ದುಡ್ಡನ್ನು ದುಡ್ಡಿನಲ್ಲಿ ಎಣಿಸುವವನೇ ಅಲ್ಲ. ಎಪ್ಪತ್ತೈದು ಕೆಜಿಯ ಚೀಲದಲ್ಲಿ ಎಣಿಸಿದ.

“ಹನ್ನೆರಡು ಚೀಲ ನೆಲ್ಲು,” ಎಂದ. “ಆತು. ಏನೇನು ಹಾಡು ಹಾಡತೈತಿ ಅದು?”

“ಹಾಡಂಗಿಲ್ಲಪ್ಪಾ. ಸುರ್ ಕೊಡತೈತಿ.”

“ಬರೇ ಸುರ್?”

“ಬರೇ ಸುರ್.”

ಅವತ್ತು ಊಟಕ್ಕೆ ಕುಳಿತಿದ್ದ ಮಸ್ಕಿಯ ಮಾವ ನಕ್ಕ ನಗುವಿಗೆ ಕೆಮ್ಮೇ ಬಂತು. ಮಸ್ಕಿ ದಾಟಿದರೆ ಮಳೆಯನ್ನೇ ನಂಬಿದ ಸಜ್ಜೆ, ತೊಗರಿಯ ಹೊಲ. ಹೋದ ವರ್ಷ ಅವನ ಬೋರಿನಲ್ಲಿ ಬರೀ ಧೂಳು ಎದ್ದಿತ್ತು. “ಅಷ್ಟು ರೊಕ್ಕಕ್ಕ ಎರಡು ಪೇಟಿ ಬರ್ತಾವಲ್ಲೋ ಮಾರಾಯ, ಒಂದು ನೀ ಬಾರಿಸು, ಒಂದು ನಾ ಬಾರಸ್ತೀನಿ,” ಎಂದ. ಅಪ್ಪ ನಗಲಿಲ್ಲ. ಅದು ಇನ್ನೂ ಕಷ್ಟ.

ಮಾತಿನ ಗಂಟು ಬಿಡಿಸಿದವಳು ಅವ್ವ. ರೊಟ್ಟಿ ಬಡಿಯುತ್ತ ಅಲ್ಲಿಂದಲೇ ಕೇಳಿದಳು: “ಸನಾದಿ ಮೇಳದಾಗ ಒಬ್ಬಾಂವ ಗಲ್ಲ ಉಬ್ಬಿಸ್ಕೊಂಡು ಮದುವಿ ಮುಗಿಯೂತನ ಒಂದ ಸುರ್ ಹಿಡದು ಕುಂತಿರ್ತಾನಲ್ಲ, ಹಂಗೇನು?” ಹೌದು ಎಂದೆ. “ಅವಂಗ ಊಟ ಹಾಕ್ತೀವಿಲ್ಲೋ?” ಎಂದು ಅಪ್ಪನನ್ನು ಕೇಳಿದಳು. ಸಂಗೀತಶಾಸ್ತ್ರದ ಯಾವ ಪುಸ್ತಕದಲ್ಲೂ ತಂಬೂರಿಯ ಪರವಾಗಿ ಇದಕ್ಕಿಂತ ಒಳ್ಳೆಯ ವಾದ ನಾನು ಓದಿಲ್ಲ. ನೋಡಿದರೆ ನಮ್ಮ ಸುತ್ತ ಒಂದೇ ಸುರ್ ಹಿಡಿಯುವವರಿಗೆ ಬರವೇನಿರಲಿಲ್ಲ: ಎಲ್ಲಮ್ಮನ ಜೋಗತಿಯರ ಚೌಡಿಕೆ, ತತ್ವಪದದವರ ಏಕತಾರಿ. ಸಿಂಧನೂರು ತಾಲ್ಲೂಕಿನದೇ ಆದ ಅಂಬಾಮಠದ ಚಿದಾನಂದಾವಧೂತರ ಪದಗಳನ್ನು ಏಕತಾರಿ ಬಿಟ್ಟು ಹಾಡಿದ್ದನ್ನು ಅವ್ವ ಕೇಳಿರಲೇ ಇಲ್ಲ. ನಾನು ಕೇಳಿದ್ದು ಹೊಸ ವಸ್ತು ಎಂದು ಅವಳಿಗೆ ಅನ್ನಿಸಲಿಲ್ಲ, ಅಷ್ಟೆ.

ಮುಂಗಾರು ನೆಲ್ಲಿನ ರಾಶಿ ಮುಗಿದು, 1997ರ ಸಂಕ್ರಾಂತಿ ಕಳೆದ ವಾರ ಗುರುಗಳು, ನಾನು ಇಬ್ಬರೂ ಲಿಂಗಸುಗೂರಿನಿಂದ ಹೊರಟೆವು. ನಾನೊಬ್ಬನೇ ಹೋಗುತ್ತೇನೆ ಎಂದಿದ್ದೆ. “ನೀ ಕಣ್ಣಿಲೆ ನೋಡಿ ತರ್ತಿ,” ಎಂದು ಅವರೇ ಟವೆಲ್ಲು ಹೆಗಲಿಗೆ ಹಾಕಿಕೊಂಡಿದ್ದರು. ಮುದಗಲ್ಲು, ಇಳಕಲ್ಲು, ಬಾಗಲಕೋಟೆ, ಜಮಖಂಡಿ, ಅಥಣಿ. ಬಸ್ಸು ಬದಲಿಸುತ್ತ, ಚಹಾ ಕುಡಿಯುತ್ತ, ಕೃಷ್ಣೆಯ ಸೀಮೆಯ ಕಬ್ಬಿನ ಗಾಡಿಗಳ ಹಿಂದೆ ತೆವಳುತ್ತ ಮೀರಜ್ ಮುಟ್ಟಿದಾಗ ರಾತ್ರಿಯಾಗಿತ್ತು.

ಮೀರಜ್‌ನ ಕತೆ ಬಲ್ಲವರಿಗೆ ಬಲ್ಲದ್ದೇ. ಖಡ್ಗ, ಕಠಾರಿ ಮಾಡಿ ಮಸೆಯುತ್ತಿದ್ದ ಶಿಕಲಗಾರ ಮನೆತನಗಳಿಗೆ ಹತ್ತೊಂಬತ್ತನೇ ಶತಮಾನದ ನಡುವಿನ ಹೊತ್ತಿಗೆ ಗಿರಾಕಿಗಳು ಕಡಿಮೆಯಾದರು. ಅವರು ವಾದ್ಯಗಳ ರಿಪೇರಿಗೆ ಕೈ ಹಚ್ಚಿದರು, ಬರಬರುತ್ತ ಹೊಸ ವಾದ್ಯ ಕಟ್ಟಿದರು. ಈ ಪರಂಪರೆಯ ಮೂಲದಲ್ಲಿ ಫರೀದ್‌ಸಾಹೇಬರ ಹೆಸರನ್ನು ಹೇಳುತ್ತಾರೆ. ಈಗ ಆ ಮನೆತನಗಳ ಅಡ್ಡಹೆಸರೇ ಸಿತಾರಮೇಕರ್. ಊರಿಗೆ ಸಂಗೀತದ ನಂಟು ಇನ್ನೂ ಬೇರೆ ದಿಕ್ಕಿನಿಂದಲೂ ಇದೆ. ವಿಷ್ಣು ದಿಗಂಬರ ಪಲುಸ್ಕರರು ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ ಕಲಿತದ್ದು ಇಲ್ಲೇ. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆ ನಿಂತದ್ದು ಇಲ್ಲೇ. ಅವರ ಶಿಷ್ಯ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್, ಗದುಗಿನ ಭೀಮಸೇನ ಜೋಶಿ. ಹೀಗೆ ಈ ಮರಾಠಿ ಊರಿನಿಂದ ಕನ್ನಡದ ಕಡೆಗೆ ಒಂದು ದಾರಿ ಮೊದಲಿಂದ ಸವೆದಿದೆ. ಅಂಗಡಿಯ ಕಾರಿಗರರಿಗೂ ವ್ಯವಹಾರಕ್ಕೆ ಸಾಕಾಗುವಷ್ಟು ಕನ್ನಡ ಬರುತ್ತದೆ.

ಬೆಳಿಗ್ಗೆ ನಾವು ಕಾಲಿಟ್ಟ ಅಂಗಡಿ ಬೀದಿಗೆ ಸಣ್ಣದು, ಒಳಗೆ ಉದ್ದ. ಅಟ್ಟದಿಂದ ಒಣ ಬುರುಡೆಗಳು ತೂಗುತ್ತಿದ್ದವು. ಕೆಲವು ಎಷ್ಟು ದೊಡ್ಡವೆಂದರೆ ನನ್ನೆರಡು ಕೈ ಸುತ್ತಿದರೂ ಬೆರಳು ಕೂಡುವಂತಿರಲಿಲ್ಲ. ಎಲ್ಲಿಂದ ತರುತ್ತೀರಿ ಎಂದು ಗುರುಗಳು ಕೇಳಿದರು. ಪಂಢರಪುರ, ಮಂಗಳವೇಢೆ ಕಡೆಯಿಂದ, ಭೀಮಾ ನದಿಯ ಸೀಮೆಯಿಂದ ಎಂದ ಯಜಮಾನ. ಗುರುಗಳ ಮುಖ ಅರಳಿತು. “ಬಿಜ್ಜಳನ ಮಂಗಳವೇಡೆ! ಬಸವಣ್ಣ ಕರಣಿಕ ಆಗಿದ್ದ ಊರು. ಹಂಗಾರ ಆ ಊರಿನ ಬುರುಡೀನ ಕೊಡ್ರಿ ಚಾಚಾ,” ಎಂದು ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ ಕೇಳಿದರು. ಯಾವ ಬುರುಡೆ ಯಾವ ಊರಿನದು ಎಂದು ಚಾಚಾನಿಗೂ ತಿಳಿಯುವಂತಿರಲಿಲ್ಲ. ತಿಳಿದವನಂತೆ ತಲೆ ಆಡಿಸಿದ.

ಮೂರು ತಯಾರು ತಂಬೂರಿ ಮುಂದಿಟ್ಟರು. ಒಂದಕ್ಕೆ ಸುತ್ತಲೂ ಬಿಳಿ ಹೂಬಳ್ಳಿಯ ಕುಸುರಿ, ಪಾಲಿಶ್ ಹಚ್ಚಿ ಮಿಂಚುತ್ತಿತ್ತು. ಅದೇ ಆಗಲಿ ಎಂದು ನನ್ನ ಮನಸ್ಸು ಒಳಗೊಳಗೆ ಹೇಳಿತು. ಗುರುಗಳು ನೆಲದ ಮೇಲೆ ಕೂತು ಒಂದೊಂದನ್ನೇ ತೊಡೆಗೆ ಎಳೆದುಕೊಂಡರು. ಮೊದಲು ಬುರುಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಒಂದೇ ಕಡೆ ತಟ್ಟಲಿಲ್ಲ. ತಳದಿಂದ ಸುತ್ತ ತಟ್ಟುತ್ತ ಮೇಲೆ ಬಂದರು. ಹೂಬಳ್ಳಿಯದರ ಹೊಟ್ಟೆಯಲ್ಲಿ ಒಂದು ಕಡೆ ಸದ್ದು ಮಂದವಾಯಿತು. ಅಲ್ಲೇ ಬೆರಳಿಟ್ಟು “ಇಲ್ಲಿ ಒಳಗ ತ್ಯಾಪಿ ಹಚ್ಚೀರಿ,” ಎಂದರು. ಚಾಚಾ ಮಾತಾಡದೆ ಅದನ್ನು ಎತ್ತಿ ಹಿಂದಕ್ಕೆ ಇಟ್ಟ. ಆಮೇಲೆ ದಂಡಿಯ ಮೇಲೆ ಉಗುರು ಎಳೆದು ಅದು ಎಲ್ಲಾದರೂ ಸೊಟ್ಟಗಿದೆಯೋ ನೋಡಿದರು. ಬುರುಡೆಗೆ ದಂಡಿ ಕೂಡುವ ಜಾಗದಲ್ಲಿ ಬೆರಳ ತುದಿಯನ್ನು ಬಹಳ ಹೊತ್ತು ಆಡಿಸಿದರು; ತಂಬೂರಿ ಬಾಯಿ ಬಿಡುವುದು ಅಲ್ಲೇ. ಕುಂಟಿಗಳನ್ನು ತಿರುವಿ, ತಿರುವಿದಲ್ಲಿ ನಿಲ್ಲುತ್ತವೋ ಜಾರುತ್ತವೋ ಪರೀಕ್ಷಿಸಿದರು. ಕಟ್ಟಿಗೆ ತೂಣ ಮರದ್ದು ಎಂದು ಚಾಚಾ ಹೇಳುವ ಮೊದಲೇ ಮೂಗು ಹತ್ತಿರ ಒಯ್ದು “ತೂಣ,” ಎಂದಿದ್ದರು.

ಕೊನೆಗೆ ಅವರು ಮಾಡಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ನನಗೆ ಖರ್ಜದ ತಂತಿ ಮೀಟಲು ಹೇಳಿ, ತಮ್ಮ ಗದ್ದವನ್ನು ದಂಡಿಗೆ ಒತ್ತಿ ಹಿಡಿದರು. ಬಾಯಿ ಸ್ವಲ್ಪ ತೆರೆದಿತ್ತು. ಮೀಟಿದ ನಾದ ಕಿವಿಯಿಂದ ಹೋದ ಮೇಲೂ ಅವರು ಕದಲಲಿಲ್ಲ, ಎಲುಬಿನಲ್ಲಿ ಇನ್ನೂ ಕೇಳುತ್ತಿದ್ದರು. ಮೊದಲ ತಂಬೂರಿಗೆ ಬೇಗ ಗದ್ದ ತೆಗೆದರು. ಎರಡನೆಯದಕ್ಕೆ ತೆಗೆಯಲೇ ಇಲ್ಲ. ಅದು ಸಾದಾ ತಂಬೂರಿ. ಕುಸುರಿಯಿಲ್ಲ, ಬಣ್ಣ ಮಂಕು ಕೆಂಪು, ಬುರುಡೆಯ ಮೇಲೆ ಬಳ್ಳಿ ಒರಗಿದ ಕಲೆ. “ಇದು,” ಎಂದರು.

ಆಮೇಲೆ ಜವಾರಿ ಬಿಚ್ಚುವ ಕೆಲಸ. ಬುರುಡೆಯ ಬಾಯಿ ಮುಚ್ಚಿದ ತಬಲಿಯ ಮೇಲೆ ತಂತಿಗಳು ಹಾದುಹೋಗುವ ಘೋಡಿ ಕೂತಿರುತ್ತದೆ, ಅಗಲ ಎರಡು ಬೆರಳಿನಷ್ಟು. ಅದರ ಬೆನ್ನು ಸಪಾಟಾಗಿ ಕಂಡರೂ ಸಪಾಟಲ್ಲ. ಮುಂದಕ್ಕೆ ಕಣ್ಣಿಗೆ ಕಾಣದಷ್ಟು ಇಳಿಜಾರು. ಮೀಟಿದ ತಂತಿ ಆ ಇಳಿಜಾರನ್ನು ಸವರುತ್ತ ನಡುಗಿದರೆ ಒಂದು ಸ್ವರದೊಳಗಿನ ಹತ್ತಾರು ಸ್ವರ ಹೊರಗೆ ಬರುತ್ತವೆ. ಚಾಚಾ ತಂತಿ ಸಡಿಲಿಸಿ, ಘೋಡಿ ಎಬ್ಬಿಸಿ, ಅರ ಹಿಡಿದು ನಾಲ್ಕು ಸಲ ಎಳೆಯುವುದು. ಮತ್ತೆ ಕೂಡಿಸಿ, ತಂತಿ ಬಿಗಿದು ಮೀಟುವುದು. ತಲೆ ಅಲ್ಲಾಡಿಸಿ ಮತ್ತೆ ಎಬ್ಬಿಸುವುದು. ಹಿಟ್ಟಿನಂಥ ಬಿಳಿ ಪುಡಿ ಅವನ ಮೊಳಕಾಲ ಮೇಲೆ ಬೀಳುತ್ತಿತ್ತು. ಘೋಡಿ ಎಲುಬಿನದೋ ಕಟ್ಟಿಗೆಯದೋ ಎಂದು ಆಶ್ರಮದ ಆಚಾರದ ಗುರುಗಳು ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು, ಮಠದ ಪಡಸಾಲೆಗೆ ಅದನ್ನು ತರಬೇಕಿತ್ತು. ಮಧ್ಯಾಹ್ನದ ಊಟದ ಹೊತ್ತು ಮೀರಿತು. ಕೊನೆಗೆ ಚಾಚಾ ತನ್ನ ಅಂಗಿಯ ತುದಿಯಿಂದಲೇ ಒಂದು ಹತ್ತಿ ಎಳೆ ಕಿತ್ತು, ಉಗುಳು ಹಚ್ಚಿ ಹೊಸೆದು, ತಂತಿ ಮತ್ತು ಘೋಡಿಯ ನಡುವೆ ತೂರಿಸಿ, ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸತೊಡಗಿದ.

ಆ ಎಳೆಗೆ ಜೀವಾ ಎನ್ನುತ್ತಾರೆ. ಅದು ಒಂದು ಕಡೆ ಬಂದು ನಿಂತಾಗ ಕಟ್ಟಿಗೆ ತಂತಿಯ ಟಣ್ ಸದ್ದು ಹೋಗಿ ಕೋಣೆಯೇ ತುಂಬಿತು. ತೂಗುಬಿಟ್ಟ ಬುರುಡೆಗಳೂ ಝೇಂಕರಿಸಿದವೇನೋ ಅನ್ನಿಸಿತು, ಅನ್ನಿಸಿಕೆಯೇ ಇರಬಹುದು. ಗುರುಗಳು ಕಾಳಿ ಏಕ್‌ಗೆ, ಅಂದರೆ ಪೇಟಿಯ ಮೊದಲ ಕರಿ ಪಟ್ಟಿಯ ಸುರ್‌ಗೆ, ಷಡ್ಜ ಹಚ್ಚಿದರು. ಅವರ ದನಿ ತಂಬೂರಿಯೊಳಗೆ ಹೋಗಿ ಮರೆಯಾಗಿ ಬಾಯಿ ತೆರೆದಿರುವುದು ಮಾತ್ರ ಕಾಣುತ್ತಿತ್ತು. “ಇನ್ನೊಂದು ಚೂರು ಬಿಚ್ಚರಿ,” ಎಂದು ಒಂದು ಸಲ, “ಹಾಂ, ಬಿಡ್ರಿ,” ಎಂದು ಇನ್ನೊಂದು ಸಲ. ಚೌಕಾಸಿ ನಡೆಯಿತು. ಚಾಚಾ ನೂರು ರೂಪಾಯಿ ಬಿಟ್ಟ, ಮೇಲೆ ಎರಡು ಜೊತೆ ತಂತಿ ಕೊಟ್ಟ. ಅಪ್ಪ ಧೋತರದ ಅಂಚಿನಲ್ಲಿ ಕಟ್ಟಿ ಕೊಟ್ಟಿದ್ದ ನೋಟುಗಳನ್ನು ಗುರುಗಳು ತಾವೇ ಬೆರಳಿನಿಂದ ತಡವಿ ಎಣಿಸಿದರು.

ಸಂಜೆ ಮೀರಾಸಾಹೇಬ್ ದರ್ಗಾಕ್ಕೆ ಹೋದೆವು. ಅಬ್ದುಲ್ ಕರೀಂ ಖಾನರ ಗೋರಿ ಅಲ್ಲಿದೆ. 1937ರಲ್ಲಿ ಪುದುಚೇರಿಗೆ ಹೊರಟಿದ್ದ ಖಾನರು ದಾರಿಯಲ್ಲಿ ಎದೆನೋವು ಬಂದು ಸಿಂಗಪೆರುಮಾಳ್ ಕೋವಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಇಳಿದರಂತೆ. ತಂಬೂರಿಗೆ ಸುರ್ ಹಚ್ಚಿಸಿ ಪ್ಲಾಟ್‌ಫಾರ್ಮಿನ ಮೇಲೇ ಹಾಡುತ್ತ ಜೀವ ಬಿಟ್ಟರಂತೆ. ಗುರುಗಳು ಗೋರಿ ಮುಂದೆ ಏನೂ ಮಾತಾಡಲಿಲ್ಲ. ಹೊರಗೆ ಬಂದ ಮೇಲೆ “ಹಸಿವಾಗೇತಿ, ಎಲ್ಲಿ ಊಟ ಸಿಗತೈತಿ ನೋಡು,” ಎಂದರು.

ತರುವ ದಾರಿ ಹೋಗುವ ದಾರಿಯಂತಿರಲಿಲ್ಲ. ತಂತಿ ಇಳಿಸಿ, ಘೋಡಿ ಬಿಚ್ಚಿ ಜೇಬಿನಲ್ಲಿಟ್ಟುಕೊಂಡು, ತಂಬೂರಿಗೆ ಅವ್ವ ಕೊಟ್ಟಿದ್ದ ಎರಡು ಕೌದಿ ಸುತ್ತಿ, ಮೇಲೆ ಗೋಣಿತಟ್ಟು ಹೊಲಿದಿದ್ದೆವು. ಟಾಪಿನ ಮೇಲೆ ಹಾಕಿ ಎಂದ ಕಂಡಕ್ಟರ್‌ಗಳ ಜೊತೆ ಜಗಳ. ಸೀಟಿನ ನಡುವೆ ನಿಲ್ಲಿಸಿದರೆ ದಾಟುವವರ ಬೈಗುಳ. ಒಬ್ಬನಂತೂ ಲಗೇಜು ಬೇಡ, ಪೂರಾ ಟಿಕೆಟ್ಟೇ ತೆಗೆಸು ಎಂದು ಹಟ ಹಿಡಿದ. ತೆಗೆಸಿದೆವು. ಟಿಕೆಟ್ಟು ತೆಗೆಸಿದ ಮೇಲೆ ಅದಕ್ಕೂ ಸೀಟು ಕೊಡಬೇಕಲ್ಲ. ಕಿಟಕಿ ಪಕ್ಕ ಕೂಡಿಸಿದೆವು. ಮರುದಿನ ಗುರುಗಳನ್ನು ಲಿಂಗಸುಗೂರಿನಲ್ಲಿ ಬಿಟ್ಟು, ಮನೆಯವರಿಗೆ ತೋರಿಸಿಯೇ ತರಬೇಕೆಂಬ ಅವರ ಅಪ್ಪಣೆಯಂತೆ ನಾನೊಬ್ಬನೇ ಸಿಂಧನೂರಿನ ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಬಸ್ಸು ಕೆಟ್ಟು ನಿಂತಿತು. ತಂಬೂರಿಯನ್ನು ಇಳಿಸಿ ಕಟ್ಟೆಗೆ ಒರಗಿಸಿ ಕೂತಿದ್ದಾಗ ಮುದುಕಿಯೊಬ್ಬಳು ಬಂದು ಕೌದಿ ಸುತ್ತಿದ ಗಂಟನ್ನು ಮೇಲಿಂದ ಕೆಳಗೆ ನೋಡಿ, “ಯಾ ದೇವರಪ್ಪಾ?” ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನಮಸ್ಕಾರ ಮಾಡಿ, ಎಂಟಾಣೆ ಇಟ್ಟು ಹೊರಟುಹೋದಳು. ಸುದ್ದಿ ತಿಳಿದು ಬಂದ ಮಾವ ಆ ಎಂಟಾಣೆ ನೋಡಿ, “ಗಳಿಸಾಕ ಹತ್ತೈತಲ್ಲೋ ಆಗಲೇ!” ಎಂದ.

ಮನೆಯಲ್ಲಿ ಅಪ್ಪ ಒಂದು ಸಲ ಮೀಟಿ ನೋಡಿದ. “ಭಾರಿ ಐತಿ,” ಎಂದ. ತೂಕಕ್ಕೆ ಹೇಳಿದನೋ ನಾದಕ್ಕೋ ತಿಳಿಯಲಿಲ್ಲ.

ಅಸಲು ಕಲಿಕೆ ಶುರುವಾದದ್ದು ಲಿಂಗಸುಗೂರಿನ ಕೋಣೆಯಲ್ಲಿ. ಕುಂಟಿ ತಿರುವಿ ಹತ್ತಿರ ತರುವುದು, ತಂತಿಯ ಕೆಳಗಿನ ಮಣಿ ಸರಿಸಿ ಕೂದಲೆಳೆಯಷ್ಟು ತಿದ್ದುವುದು, ಜೋಡಿ ಎರಡೂ ಒಂದಾದವು ಎನ್ನುವಷ್ಟರಲ್ಲಿ ಪಂಚಮ ಇಳಿದಿರುವುದು. ಬೆಳಗಿನ ಅಭ್ಯಾಸದ ಹೊತ್ತೆಲ್ಲ ಇದರಲ್ಲೇ ಹೋಗುತ್ತಿತ್ತು. ಮನೆ ಮಾಲಕಿ ಬಾಗಿಲಿಗೆ ಬಂದು “ಇನ್ನಾ ಹಾಡು ಚಾಲೂ ಆಗಿಲ್ಲೇನಪ?” ಎಂದು ಕೇಳಿ ಹೋಗುತ್ತಿದ್ದಳು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಕುಂಟಿ ಒಣಗಿ ಜಾರುತ್ತದೆ, ಸೀಮೆಸುಣ್ಣದ ಪುಡಿ ಹಚ್ಚಬೇಕು. ಮಳೆಗಾಲದಲ್ಲಿ ಅದೇ ಕುಂಟಿ ಉಬ್ಬಿ ಅಲ್ಲಾಡುವುದಿಲ್ಲ. ಸಿಂಧನೂರಿನ ನಮ್ಮ ಮನೆಯಲ್ಲಿ ನೆಲ್ಲಿನ ಚೀಲ, ಚೀಲದ ಹಿಂದೆ ಇಲಿ; ಬುರುಡೆ ಕಡಿದಾವೆಂದು ರಜೆಯಲ್ಲಿ ತೊಲೆಗೆ ಹಗ್ಗ ಕಟ್ಟಿ ತೂಗುಬಿಡುತ್ತಿದ್ದೆ. ತಂತಿ ಹರಿದರೆ ನಮ್ಮ ಮೂರೂ ಊರಿನಲ್ಲಿ ಸಿಗದು. ಏಕತಾರಿಯವರು ಮೋಟಾರ್ ಸೈಕಲ್ಲಿನ ಕ್ಲಚ್ ವೈರಿನ ಎಳೆ ಬಿಚ್ಚಿ ಹಾಕಿಕೊಳ್ಳುತ್ತಿದ್ದರು. ನಾನೂ ಹಾಕಿ ನೋಡಿದೆ. ಆ ನಾದ ಬೇಡ.

ಮಳೆಗಾಲ ಹಿಡಿದ ಮೇಲೆ ಒಂದು ನಸುಕಿನಲ್ಲಿ ಖರ್ಜದಿಂದ ಗಾಂಧಾರ ಕೇಳಿತು. ನಾನು ಹಾಡಿರಲಿಲ್ಲ, ಹೊರಗೆ ಯಾರೂ ಹಾಡುತ್ತಿರಲಿಲ್ಲ. ಮೀಟುವುದು ನಿಲ್ಲಿಸಿದರೆ ಹೋಗುತ್ತದೆ, ಮೀಟಿದರೆ ಬರುತ್ತದೆ. ಅದರ ಮೇಲೆ ನನ್ನ ದನಿ ಇಟ್ಟೆ. ಪೇಟಿಯ ಗಾಂಧಾರಕ್ಕಿಂತ ಸ್ವಲ್ಪ ಕೆಳಗೆ, ಅಲ್ಲಿ ಕೂಡಿತು. ಪಾಠದಲ್ಲಿ ಗುರುಗಳಿಗೆ ಹೇಳಲಿಲ್ಲ, ಬರೀ ಹಾಡಿದೆ. “ಯಮನ್ ಚಾಲೂ ಮಾಡೋಣು,” ಎಂದರು.

ಇದರಿಂದ ಒಂದು ತಾಪತ್ರಯವೂ ಗಂಟುಬಿತ್ತು. ಊರ ಭಜನೆಯಲ್ಲಿ ಹಾಡುವಾಗ ನನ್ನ ಗಾಂಧಾರ ಪೇಟಿಯ ಜೊತೆ ಕೂಡದು. “ಗವಾಯಿ ಆಗಾಕ ಹೋಗಿ ಸುರ್ ಇಳಿಸ್ಕೊಂಡು ಬಂದಾನ,” ಎಂದು ಪೇಟಿ ಮಾಸ್ತರರು ಎಲ್ಲರ ಮುಂದೆ ಅಂದರು. ಅವರ ಕಿವಿಗೆ ಅದೇ ನಿಜ. ಪೇಟಿ ಬಂದಲ್ಲಿ ಪೇಟಿಯ ಹಾಗೆ, ತಂಬೂರಿ ಇದ್ದಲ್ಲಿ ತಂಬೂರಿಯ ಹಾಗೆ ಹಾಡುವುದನ್ನು ಬಹಳ ಮಂದಿ ಗವಾಯಿಗಳು ಜೀವಮಾನವಿಡೀ ಮಾಡಿಕೊಂಡೇ ಬಂದಿದ್ದಾರೆ. ನಾನೂ ಮಾಡುತ್ತೇನೆ. ಭಜನೆ ಬಿಡಲು ಮನಸ್ಸು ಬರಲಿಲ್ಲ.

ಗುರುಗಳು ಈಗಿಲ್ಲ. ತಂಬೂರಿ ಇದೆ. ಎರಡು ಸಲ ಜವಾರಿ ತೆಗೆಸಿದ್ದೇನೆ, ದಂಡಿ ಕೂಡುವ ಜಾಗ ಒಮ್ಮೆ ಬಾಯಿ ಬಿಟ್ಟು ಅಂಟು ಹಾಕಿಸಿದ್ದೇನೆ. 2024ರಲ್ಲಿ ಮೀರಜ್‌ನ ಸಿತಾರ್, ತಂಬೂರಿಗಳಿಗೆ ಜಿಐ ಮಾನ್ಯತೆ ಸಿಕ್ಕಿತು. ಪೇಪರಿನಲ್ಲಿ ಓದಿದ ದಿನ ನನ್ನಲ್ಲಿ ಕಲಿಯುವ ಹುಡುಗರಿಗೆಲ್ಲ ತೋರಿಸಿದೆ. ಅವರು ತಂತಮ್ಮ ಮೊಬೈಲಿನ ತಂಬೂರಿ ಬಂದ್ ಮಾಡಿ ನೋಡಿ, ಮತ್ತೆ ಚಾಲೂ ಮಾಡಿಕೊಂಡರು. ಅವರಲ್ಲಿ ಒಬ್ಬಳು, ಕ್ಯಾಂಪಿನ ಹುಡುಗಿ, ಪಾಠ ಮುಗಿದ ಮೇಲೂ ಉಳಿದು ನನ್ನ ತಂಬೂರಿಗೆ ಸುರ್ ಹಚ್ಚುತ್ತ ಕೂಡುತ್ತಾಳೆ. ಅವರಪ್ಪ ರೈಸ್ ಮಿಲ್ಲಿನಲ್ಲಿ ಹಮಾಲಿ. ಮೊನ್ನೆ ಬಂದು ಬೆಲೆ ಕೇಳಿದ. ಹೆಣ್ಣುಮಕ್ಕಳ ದನಿಗೆ ಬುರುಡೆ ಸ್ವಲ್ಪ ಸಣ್ಣದು, ಆದರೆ ಬೆಲೆ ಸಣ್ಣದಲ್ಲ ಎಂದೆ. “ಎರಡನೇ ಕೈದು ಸಿಗತೈತೇನ್ರಿ ಸರ್?” ಎಂದ. ಸಿಗಬಹುದು, ಹೋಗಿ ತಟ್ಟಿ ನೋಡಬೇಕು ಎಂದೆ. ಸುಗ್ಗಿಯ ಹಮಾಲಿ ದುಡ್ಡು ಕೈಗೆ ಬಂದ ಮೇಲೆ ಮೂವರೂ ಹೋಗುವುದೆಂದು ಮಾತಾಗಿದೆ. 2024ರಿಂದ ಸಿಂಧನೂರಿಗೇ ರೈಲು ಬಂದಿದೆ. ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಮೀರಜ್ ಗಾಡಿ ಹಿಡಿಯಬೇಕು. ಬಸ್ಸಿಗಿಂತ ಸುತ್ತು. ಆದರೂ ತರುವಾಗ ಅದೇ ಮೇಲು, ಮೇಲಿನ ಬರ್ತಿನಲ್ಲಿ ಮಲಗಿಸಬಹುದು.